ನಾಕಾದ ಮೂಡಣ ಗೋಡೆ

ನಮ್ಮ ನಾಕಾದಲ್ಲಿ ಯಾವ ರಾಜನೂ ದರ್ಬಾರು ನಡೆಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬನಹಟ್ಟಿಯಲ್ಲಿ ಆ ಕಟ್ಟಡದ ಮುಂದೆ ಈಗ ನಿಲ್ಲಿಸಿರುವ ಕರಿಕಲ್ಲಿನ ಫಲಕ ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಅದೂ ಬಂಗಾರದ ಬಣ್ಣದ ಅಕ್ಷರದಲ್ಲಿ. ಸುಳ್ಳಿಗೆ ಬಂಗಾರದ ಬಣ್ಣ ಹಚ್ಚಿದರೆ ಇತಿಹಾಸವಾಗುತ್ತದೆಂದು ನಂಬುವವರು ನಮ್ಮೂರಲ್ಲಿ ಬಹಳ ಇದ್ದಾರೆ, ಮತ್ತು ಅವರೆಲ್ಲ ಹೇಗೋ ಒಂದೇ ಸಮಿತಿಯಲ್ಲಿ ಕೂಡಿಕೊಂಡಿದ್ದಾರೆ.

ನಾಕಾ ಅಂದರೆ ಸುಂಕದ ಕಟ್ಟೆ. ಸಂಸ್ಥಾನದ ಕಾಲದಲ್ಲಿ ನೂಲಿನ ಗಾಡಿ ಊರೊಳಗೆ ಬರುವಾಗ, ಸೀರೆಯ ಗಂಟು ಊರ ಹೊರಗೆ ಹೋಗುವಾಗ ಇಲ್ಲಿ ನಿಲ್ಲಬೇಕಿತ್ತು, ತೂಗಿಸಬೇಕಿತ್ತು. ಸುಂಕ ಕಟ್ಟದವರ ಮಾಲನ್ನು ಜಪ್ತಿ ಮಾಡಿ ಒಳಕೋಣೆಯಲ್ಲಿ ಒಗೆಯುತ್ತಿದ್ದರು. ಯಾರೂ ಕದ್ದು ಹೊರಗೆ ಎಳೆಯಬಾರದೆಂದು ಆ ಕೋಣೆಗೆ ಕಿಟಕಿ ಇಡಲಿಲ್ಲ. ಮೂಡಣ ದಿಕ್ಕಿನ ಗೋಡೆಯನ್ನಂತೂ ಒಬ್ಬ ಮನುಷ್ಯ ಅದರ ಮೇಲೆ ಅಡ್ಡ ಮಲಗಬಹುದು, ಅಷ್ಟು ದಪ್ಪ ಕಟ್ಟಿದರು. ಸಂಸ್ಥಾನ ಹೋಯಿತು, ಸುಂಕ ಹೋಯಿತು. ನೂಲನ್ನು ಸರಕಾರವೇ ಅಳೆದು ಕೊಡುವ ಕಂಟ್ರೋಲು ಬಂದಾಗ ಅದೇ ಕೋಣೆ ನೂಲಿನ ಡಿಪೊ ಆಯಿತು. ಅಲ್ಲಿ ಸಾಲಿನಲ್ಲಿ ನಿಂತದ್ದನ್ನು ನೆನೆದಾಗಲೆಲ್ಲ ನಮ್ಮ ಅಜ್ಜ ಎಲೆಅಡಿಕೆ ಉಗುಳುತ್ತಿದ್ದ, ಬಾಯಿ ತುಂಬದಿದ್ದರೂ ಉಗುಳುತ್ತಿದ್ದ. ಆಮೇಲೆ ರೇಷನ್ನಿನ ಜೋಳ ಬಂತು. ಜೋಳ ಹೋದ ಮೇಲೆ ಆಡುಗಳು ಬಂದವು. ಕೊನೆಗೆ ರಿಟಾಯರ್ ಆದ ಮಾಸ್ತರರೊಬ್ಬರು ಆಡಿನ ಹಿಕ್ಕೆ ಗುಡಿಸಿ, ಸಾಲೆಯಲ್ಲಿ ಮುರಿದು ಬಿದ್ದಿದ್ದ ಬೆಂಚುಗಳನ್ನು ತಂದು ಬಡಿಗನಿಂದ ಕಾಲು ಹಚ್ಚಿಸಿ, ದಿನಾ ಎರಡು ಪೇಪರು ಇಟ್ಟು ಅದನ್ನು ವಾಚನಾಲಯ ಎಂದು ಕರೆದರು. ನಾನು ಮಾತು ಕಲಿತದ್ದು ಅಲ್ಲಿ.

ಮಾತು ಕಲಿತೆ ಅಂದರೆ ಮೆಲ್ಲಗೆ ಮಾತಾಡುವುದನ್ನು ಕಲಿತೆ. ಹೊರಗಿನವರಿಗೆ ಇದು ತಿಳಿಯುವುದಿಲ್ಲ. ನಮ್ಮೂರಲ್ಲಿ ಮನೆ ಅಂದರೆ ಮುಂದೆ ಒಂದು ಪಡಸಾಲೆ, ಹಿಂದೆ ಮಗ್ಗ. ವಿದ್ಯುತ್ ಮಗ್ಗ. ನಮ್ಮದು ನಿಂತರೆ ಪಕ್ಕದವರದು, ಪಕ್ಕದವರದು ನಿಂತರೆ ಎದುರಿನವರದು. ಹೀಗಾಗಿ ನಾವು ಹುಟ್ಟಾ ಕೂಗುವ ಮಂದಿ. ಉಪ್ಪು ಕೇಳಿದರೂ ಜಗಳ ತೆಗೆದಂತೆ ಕೇಳುತ್ತೇವೆ. ಮುಧೋಳದ ನಮ್ಮ ಚಿಗವ್ವ ಬಂದಾಗ ಎರಡೂ ಕಿವಿ ಮುಚ್ಚಿಕೊಂಡು, "ನೀವು ಸಿಟ್ಟಿಗೆದ್ದಾಗ ಏನ ಮಾಡತೀರೋ ಯವ್ವಾ, ಈಗ ಇಷ್ಟ ಒದರತೀರಿ," ಎನ್ನುತ್ತಿದ್ದಳು. ಮಾಸ್ತರರ ಚರ್ಚಾಕೂಟಕ್ಕೆ ಮೊದಲ ದಿನ ಹೋಗಿ ನಾನು ನನ್ನ ಮನೆಯ ದನಿಯಲ್ಲೇ ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು. "ಇಲ್ಲಿ ಮಗ್ಗಿಲ್ಲ ತಂಗಿ. ಯಾರಿಗೆ ಒದರಾಕತ್ತೀದಿ?" ನಾನು ಸುಮ್ಮನಾದೆ. ಆಗ ಆ ಕೋಣೆಯ ಮೌನ ಕೇಳಿಸಿತು. ಗೋಡೆ ಊರನ್ನು ಹೊರಗೇ ಹಿಡಿದಿಟ್ಟಿತ್ತು.

ಅದಕ್ಕೇ ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ಗಂಡಿನ ಕಡೆಯವರು ತೇರದಾಳದಿಂದ ಬಂದರೆ ಚಹಾ ಮನೆಯಲ್ಲಿ, ಮಾತು ನಾಕಾದಲ್ಲಿ. ಅಣ್ಣತಮ್ಮಂದಿರು ಪಾಲಾಗುವ ವಿಷಯ ನಾಕಾದಲ್ಲಿ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳೂ ನಮ್ಮೂರಿನ ಬೀಗರ ಹತ್ತಿರ ಏನಾದರೂ ಗಟ್ಟಿ ಮಾತಿದ್ದರೆ ಅಲ್ಲಿಗೇ ಬರುತ್ತಿದ್ದರು. "ನಾಕಾದಾಗ ಮಾತಾಡೂಣು" ಎಂದು ಯಾರಾದರೂ ಹೇಳಿದರೆ ಸಾಕು, ಎದುರಿನವನ ಮುಖ ಗಂಭೀರವಾಗುತ್ತಿತ್ತು. ಮಾಸ್ತರರು ಪೇಪರು ಮಡಚಿಕೊಂಡು ಹೊರಗಿನ ಕಟ್ಟೆಗೆ ಎದ್ದು ಹೋಗುತ್ತಿದ್ದರು. ಓದುತ್ತಿದ್ದ ಹುಡುಗಿಯರೂ ಪುಸ್ತಕ ಎತ್ತಿಕೊಂಡು ಹೋಗುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ರಾಜನ ದರ್ಬಾರಿಗಿಂತ ಇದು ನನ್ನ ದೃಷ್ಟಿಯಲ್ಲಿ ದೊಡ್ಡದು. ಆದರೆ ಫಲಕದಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ನನ್ನ ಸಿಟ್ಟಿನ ಮೂಲ ಫಲಕವಲ್ಲ. ನನ್ನ ಅವ್ವ.

ಅವ್ವ ಮದುವೆಯಾಗಿ ಬಂದಾಗಿನಿಂದ ಮಗ್ಗದ ಮುಂದೆ ನಿಂತವಳು. ಅವಳ ಕಿವಿ ಒಮ್ಮೆಲೇ ಹೋಗಲಿಲ್ಲ. ಮೊದಲು ಮೊಬೈಲಿನ ರಿಂಗು ಹೋಯಿತು, ಆಮೇಲೆ ಮಕ್ಕಳ ದನಿ, ಆಮೇಲೆ ಮಾತಿನ ತುದಿಗಳು. ಜಮಖಂಡಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಮಷೀನು ಕೊಡಬಹುದು, ಆದರೆ ಅದು ಮಾತಿನ ಜೊತೆ ಮಗ್ಗವನ್ನೂ ದೊಡ್ಡದು ಮಾಡುತ್ತದೆ. ಮೊದಲು ಆ ಸಪ್ಪಳ ಬಿಡಿಸಿ. ಇಲ್ಲದಿದ್ದರೆ ಉಳಿದದ್ದೂ ಉಳಿಯುವುದಿಲ್ಲ," ಎಂದರು. ಬಸ್ಸಿನಲ್ಲಿ ಊರಿಗೆ ಮರಳಿದೆವು. ಸ್ಟ್ಯಾಂಡಿನಲ್ಲಿ ಇಳಿದ ಅವ್ವ ಮನೆಯ ದಾರಿ ಬಿಟ್ಟು ನಾಕಾದ ದಾರಿ ಹಿಡಿದಳು.

ಆ ಕೋಣೆಯಲ್ಲಿ ಅವ್ವನಿಗೆ ನನ್ನ ಮಾತು ಕೇಳುತ್ತಿತ್ತು. ಸಾದಾ ದನಿಯಲ್ಲಿ, ಎದುರು ಕೂತು ಹೇಳಿದರೆ ಪೂರಾ ಕೇಳುತ್ತಿತ್ತು. ಸಪ್ಪಳದ ನಡುವೆ ಕಳೆದುಹೋಗುವ ಮಾತು ಸಪ್ಪಳವಿಲ್ಲದ ಕಡೆ ಸಿಗುತ್ತಿತ್ತು, ಅಷ್ಟೇ. ಮನೆಯಲ್ಲಿ ಅವಳಿಗೆ ಒಂದು ಮಾತು ಹೇಳಬೇಕೆಂದರೆ ಓಣಿಗೆಲ್ಲ ಹೇಳಿದಂತೆ. ಕರೆಂಟು ಹೋದಾಗ ಮಾತಾಡಬಹುದಲ್ಲ ಎಂದು ನೀವು ಕೇಳಬಹುದು. ಕರೆಂಟು ಹೋದಾಗ ಇಡೀ ಓಣಿ ಹೊರಗೆ ಬಂದು ನಮ್ಮ ಕಟ್ಟೆಯ ಮೇಲೇ ಕೂಡುತ್ತದೆ. ಹೀಗಾಗಿ ವಾರಕ್ಕೊಮ್ಮೆಯಾದರೂ ಮಧ್ಯಾಹ್ನ ನಾವಿಬ್ಬರೂ ಅಲ್ಲಿ ಹೋಗಿ ಕೂಡುತ್ತಿದ್ದೆವು. ಹದಿನಾರು ವರ್ಷ ನನ್ನನ್ನು ಕೂಗಿಯೇ ಸಾಕಿದವಳು ಪಿಸುಮಾತಿನಲ್ಲಿ ಹೇಗಿರುತ್ತಾಳೆ ಎಂಬುದನ್ನು ನಾನು ಅಲ್ಲಿ ನೋಡಿದೆ. ನಗಿಸುವ ಹೆಣ್ಣುಮಗಳು ಆಕೆ. ಓಣಿಯವರ ನಡಿಗೆ, ಮಾತು ಎಲ್ಲ ಮಾಡಿ ತೋರಿಸುತ್ತಿದ್ದಳು.

ಜಮಖಂಡಿಯಿಂದ ಬಂದ ಆ ದಿನ ಆಕೆ ನಗಿಸಲಿಲ್ಲ. "ನಾ ಮಗ್ಗ ಬಿಡತೇನಿ," ಎಂದಳು.

"ಅಪ್ಪಗ ಹೇಳೂಣು ನಡಿ."

"ಮನ್ಯಾಗ ಬ್ಯಾಡ. ಮನ್ಯಾಗ ಹೇಳಿದ್ರ ಅವರು ಒದರತಾರ, ನಾ ಒದರತೇನಿ. ಇಂಥವನ ಹೆಂಡತಿ ಕಿವುಡಿ ಆದ್ಳು, ಮಗ್ಗ ಬಿಟ್ಳು ಅಂತ ಓಣಿ ತುಂಬ ಆಗತೈತಿ. ಅವರನ್ನ ಇಲ್ಲಿ ಕರಕೊಂಡ ಬಾ."

"ನಾನ ಹೇಳತೇನಿ ಬೇ. ಎರಡ ನಿಮಿಷದಾಗ ಒಪ್ಪಸತೇನಿ."

ಅವ್ವ ನನ್ನ ಮೊಣಕಾಲಿಗೆ ತಟ್ಟಿದಳು. "ನೀ ಗೆಲ್ಲತೀದಿ, ಗೊತ್ತೈತಿ. ನನಗ ಗೆಲ್ಲೂದ ಬ್ಯಾಡ. ನನ್ನ ಮಾತ ನಾ ಹೇಳಬೇಕು. ಅವರು ಏನಂತಾರ ಅದು ನನಗ ಕೇಳಬೇಕು."

ಇಷ್ಟೇ ಆಕೆ ಕೇಳಿದ್ದು. ಗಂಡನ ಜೊತೆ ಒಂದು ಮಧ್ಯಾಹ್ನ, ಗೋಡೆಯ ಒಳಗೆ. ಅಪ್ಪನಿಗೆ, ಅವ್ವ ನಾಕಾದಾಗ ಮಾತಾಡಬೇಕಂತಾಳ ಎಂದು ಹೇಳಿದೆ. ಅವನ ಮುಖವೂ ಗಂಭೀರವಾಯಿತು. ಆದರೆ ಅವನು ಮಗ್ಗಕ್ಕೆ ಹಾಸುನೂಲು ಸುತ್ತಿದ ಬೀಮಿನ ಕಡೆ ಕೈ ಮಾಡಿ, "ಇದೊಂದು ಬೀಮ್ ಮುಗೀಲಿ," ಎಂದ. ನೇಕಾರನಿಗೆ ಯಾವಾಗಲೂ ಒಂದು ಬೀಮು ಮುಗಿಯುವುದಿರುತ್ತದೆ.

ಆ ಬೀಮು ಮುಗಿಯುವುದರೊಳಗೆ ನಾಕಾವನ್ನು ಚಂದಗೊಳಿಸುವ ಸಮಿತಿ ಹುಟ್ಟಿತು.

ಸಭೆ ನಾಕಾದಲ್ಲೇ ಕರೆದರು. ಅಧ್ಯಕ್ಷರು ಬಹಳ ಮಗ್ಗಗಳ ಒಡೆಯರು, ಊರೆಲ್ಲ ಕಾಕಾ ಎನ್ನುತ್ತದೆ. ಕೆಟ್ಟವರಲ್ಲ, ನನ್ನ ಸಿಟ್ಟಿಗೆ ಇದೇ ದೊಡ್ಡ ತೊಂದರೆ. ಅವರು ಬಾಗಿಲಿನ ಮೇಲಿನ ತೊಲೆಗೆ ಬೊಟ್ಟು ಮಾಡಿದರು. ಅಲ್ಲಿ ಕಬ್ಬಿಣದ ದೊಡ್ಡ ಕೊಂಡಿಯೊಂದಿದೆ. "ನೋಡ್ರಿ, ರಾಜರ ಝುಂಬರ ದೀಪ ಇಲ್ಲೇ ತೂಗಾಡತಿತ್ತು. ಇದು ದರ್ಬಾರ್ ಹಾಲ್. ನಾವು ಇದನ್ನ ಆಡ ಕಟ್ಟೂ ಜಾಗಾ ಮಾಡಿ ಹಾಳ ಮಾಡೇವಿ."

ನಾನು ಎದ್ದೆ. "ಕಾಕಾ, ಝುಂಬರ ಹಾಲಿನ ನಡುವ ಹಾಕತಾರೋ, ಬಾಗಲದಾಗ ಹಾಕತಾರೋ?"

"ಬರೂ ಮಂದಿಗೆ ಬೆಳಕ ಬೇಕಲ್ಲ ತಂಗಿ."

"ಅದು ತಕ್ಕಡಿ ಕೊಂಡಿ ರೀ. ಕೆಳಗ ಹಾಸಗಲ್ಲ ನೋಡ್ರಿ, ಗಂಟ ಇಳಿಸಿ ಇಳಿಸಿ ತಗ್ಗ ಬಿದ್ದೈತಿ. ರಾಜರು ದಿನಾ ಬಾಗಲದಾಗ ಗಂಟ ಇಳಸತಿದ್ರೇನು?"

ಹಿಂದಿನಿಂದ ಯಾರೋ, "ಇಳಿಸಿದ್ರೂ ಇಳಿಸಿರಬೇಕ ಬಿಡವ್ವಾ, ರಾಜರ ಮರ್ಜಿ!" ಎಂದರು. ಎಲ್ಲ ನಕ್ಕರು. ನಾನೂ ನಕ್ಕೆ. ಆಗ ಇನ್ನೂ ನಗು ಬರುತ್ತಿತ್ತು.

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ಮುರಿ ಎಂದು ಮಾಸ್ತರರು ಕಲಿಸಿದ್ದರು. ಹಾಗೇ ಮಾಡಿದೆ. ಕೋಣೆ ಕತ್ತಲೆ ಇದೆ, ಖರೆ. ಗಾಳಿಯಿಲ್ಲ, ಖರೆ. ಬಾವಲಿ ಇವೆ, ಅವೂ ಖರೆ. ಅದಕ್ಕೆ ದೀಪ ಹಾಕಿಸೋಣ, ಪಡುವಣ ಬಾಗಿಲಿನ ಕಡೆಯಿಂದ ಗಾಳಿ ಬರುವಂತೆ ಮಾಡೋಣ. ಫಲಕದಲ್ಲಿ ರಾಜನನ್ನು ಬೇಕಾದರೆ ಕೂಡಿಸಿಕೊಳ್ಳಿ, ಮೂಡಣ ಗೋಡೆಯನ್ನು ಮಾತ್ರ ಮುಟ್ಟಬೇಡಿ ಎಂದೆ. ಅವರ ನಕ್ಷೆಯಲ್ಲಿ ಆ ಗೋಡೆಗೆ ಮೂರು ಕಮಾನುಗಳಿದ್ದವು. ದರ್ಬಾರು ಅಂದಮೇಲೆ ಕಮಾನು ಬೇಕೇ ಬೇಕಂತೆ.

"ಯಾಕ ಮುಟ್ಟಬಾರದು?" ಕಾಕಾ ನಿಜವಾಗಿಯೂ ತಿಳಿಯಲೆಂದು ಕೇಳಿದರು.

"ಆ ಗೋಡಿ ಆಚಿಕಡೆ ಏನೈತ್ರಿ?"

"ಓಣಿ."

"ಓಣ್ಯಾಗ?"

"ಮಗ್ಗದ ಮನಿ."

"ಮತ್ತ ಸಪ್ಪಳ ಒಳಗ ಬರೂದಿಲ್ರೇನು?"

"ಯಾವ ಸಪ್ಪಳ?"

ಚೇಷ್ಟೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ಅವರು ಸುತ್ತ ಕೂತವರ ಕಡೆ ತಿರುಗಿ ಕೇಳಿದರು, "ನಮ್ಮ ಓಣ್ಯಾಗ ಸಪ್ಪಳ ಐತೇನ್ರೋ?" ಅವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಣಪತಿಯ ಹೊತ್ತಿನ ಡಿಜೆ ಸಪ್ಪಳ ಎಂದು ಒಬ್ಬ ಹೇಳಿದ. ಬೇರೆ ಯಾವ ಸಪ್ಪಳವೂ ಯಾರಿಗೂ ನೆನಪಾಗಲಿಲ್ಲ. ಗಟ್ಟಿದನಿಯಲ್ಲಿ ಕೂಗುತ್ತ ಕೂತಿದ್ದರು ಎಲ್ಲರೂ, ಊರಲ್ಲಿ ಕೂಗಬೇಕಾದ ಅಗತ್ಯವೇ ಇಲ್ಲದ ಏಕೈಕ ಕೋಣೆಯಲ್ಲಿ! ಮಗ್ಗದ ಸಪ್ಪಳ ಅವರಿಗೆ ಸಪ್ಪಳವೇ ಅಲ್ಲ. ತಾಯಿಯ ಹೊಟ್ಟೆಯೊಳಗಿನಿಂದಲೇ ಕೇಳಿಕೊಂಡು ಬಂದದ್ದು. ಅದಕ್ಕೇ ಅದು ಇಲ್ಲದ ಜಾಗ ಯಾಕೆ ಬೇಕೆಂಬುದೂ ಅವರಿಗೆ ತಿಳಿಯಲಿಲ್ಲ. ತಮ್ಮ ಮಕ್ಕಳ ಮದುವೆಯ ಮಾತನ್ನು ಇಲ್ಲೇ ಆಡಿದವರು ಇವರು! ಯಾಕೆ ಇಲ್ಲಿಗೆ ಬರುತ್ತಿದ್ದಿರಿ ಎಂದು ಕೇಳಿದೆ. "ಹಿರ್ಯಾರು ಮಾಡಿಕೊಂಡ ಬಂದಾರ, ನಾವೂ ಮಾಡತೇವಿ," ಎಂದರು ಕಾಕಾ.

ನಾನು ಅವ್ವನ ವಿಷಯ ಹೇಳಲಿಲ್ಲ. ಹೇಳಿದ್ದರೆ ಸಭೆ ಕರಗುತ್ತಿತ್ತೇನೋ. ಆದರೆ ಓಣಿಗೆ ತಿಳಿಯಬಾರದೆಂದೇ ಆ ಗೋಡೆಯ ಮೊರೆ ಹೋದವಳ ಗುಟ್ಟನ್ನು ಗೋಡೆ ಉಳಿಸಲಿಕ್ಕೆ ಊರಿಗೆಲ್ಲ ಒಪ್ಪಿಸಬೇಕೇ? ಅದರ ಬದಲು ಎಲ್ಲರಿಗೂ ಸ್ವಲ್ಪ ಹೊತ್ತು ಸುಮ್ಮನೆ ಕೂಡಲು ಕೇಳಿಕೊಂಡೆ. "ಕೇಳ್ರಿ. ಏನೂ ಕೇಳಸೂದಿಲ್ಲಲ್ಲ? ಇದನ್ನ ನೀವು ಒಡ್ಯಾಕತ್ತೀರಿ." ಅವರು ಒಂದು ಗಳಿಗೆ ಕೂತರು, ಸಾಲೆಯ ಪ್ರಾರ್ಥನೆಯಲ್ಲಿ ಕೂತಂತೆ. ಆಮೇಲೆ ಕಾಕಾ ಚಪ್ಪಾಳೆ ಹೊಡೆದರು. "ಏನ ಮಾತಾಡತೈತ್ರೀ ಹುಡುಗಿ! ಬೀಳಗಿ ಚರ್ಚಾಸ್ಪರ್ಧೆಯಿಂದ ಕಪ್ ಹೊತಗೊಂಡ ಬಂದದ್ದು ಸುಮ್ಮನ ಅಲ್ಲ!" ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ವಿಷಯಕ್ಕೆ ಹೋದರು. ಆ ಚಪ್ಪಾಳೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ. ವಾದಕ್ಕೆ ಉತ್ತರ ಕೊಡಲಾಗದವರು ವಾದಿಸಿದವಳಿಗೆ ಶಾಬಾಸ್ ಹೇಳಿ ಕೂಡಿಸಿದರು.

ಮಾಸ್ತರರು ಇಡೀ ಹೊತ್ತು ಮೂಲೆಯಲ್ಲಿ ಕೂತಿದ್ದರು. ಹೊರಗೆ ಬಂದ ಮೇಲೆ ನನ್ನ ಹೆಗಲು ಮುಟ್ಟಿ, "ನೀ ಗೆದ್ದಿ ಬಿಡು," ಎಂದರು.

"ಗೆದ್ರ ಗೋಡಿ ಯಾಕ ಬೀಳತೈತ್ರಿ ಸರ್? ನೀವು ಒಂದ ಮಾತ ಆಡಬಹುದಿತ್ತು."

"ಹೊಸ ಕಪಾಟ ಕೊಡತೇವಂದಾರ. ಫ್ಯಾನ್ ಹಾಕಸತಾರ. ನನಗೂ ವಯಸ್ಸಾತು." ಅವರು ಕನ್ನಡಕ ಒರೆಸಿಕೊಂಡರು. ನಾನು ಮುಖ ತಿರುಗಿಸಿ ನಡೆದೆ. ಆ ಸಂಜೆಯ ಮಟ್ಟಿಗೆ ಅವರ ವಯಸ್ಸು ನನಗೆ ಬೇಕಾಗಿರಲಿಲ್ಲ.

ಗೋಡೆ ಸುಲಭಕ್ಕೆ ಬೀಳಲಿಲ್ಲ. ಕಲ್ಲಿನ ನಡುವೆ ಗಚ್ಚು ತುಂಬಿದ್ದರು, ಮಷೀನು ತರಿಸಬೇಕಾಯಿತು. ಅಪ್ಪನ ಬೀಮು ಇನ್ನೂ ಇತ್ತು. "ಈಗ ಬಾ ಅಪ್ಪಾ, ಇವತ್ತ ಬಾ, ಗೋಡಿ ಒಡ್ಯಾಕತ್ತಾರ," ಎಂದು ನಾನು ಮಗ್ಗದ ಪಕ್ಕದಲ್ಲಿ ನಿಂತು ಕೂಗಿದೆ. "ಗೋಡಿ ಒಡದ್ರ ಮಾತಾಡಾಕ ಬರೂದಿಲ್ಲೇನು?" ಎಂದು ಅವನೂ ಕೂಗಿದ. ಅವನೂ ಅದೇ ಊರಿನವನೇ.

ಉದ್ಘಾಟನೆ ಆಯಿತು. ಮದುವೆಯ ಸಾಮಾನು ಬಾಡಿಗೆ ಕೊಡುವವರ ಕಡೆಯಿಂದ ಕೆಂಪು ಮಖಮಲ್ಲಿನ ಕುರ್ಚಿ ತಂದು ಸಿಂಹಾಸನ ಎಂದು ಇಟ್ಟರು. ಮರಳಿ ಕೊಡದೆ ಅದನ್ನು ಅಲ್ಲೇ ಉಳಿಸಿಕೊಂಡರು. ಓದುವ ಹುಡುಗಿಯರು ಒಂದು ವಾರ ಬಂದು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕೂತು, ಆಮೇಲೆ ಬರುವುದನ್ನು ಬಿಟ್ಟರು. ಹೊಸ ಕಪಾಟಿನಲ್ಲಿ ಪುಸ್ತಕ ಇವೆ. ಅವುಗಳ ಮುಂದೆ ಮಂದಿ ಸಿಂಹಾಸನದ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದಕ್ಕೆ ಜೀರ್ಣೋದ್ಧಾರ ಎಂಬ ಹೆಸರು.

ಆಮೇಲೆ ಒಂದು ಮಧ್ಯಾಹ್ನ ಅಪ್ಪ ಕೈಕಾಲು ತೊಳೆದು, ತೊಳೆದ ಅಂಗಿ ಹಾಕಿಕೊಂಡು ಹೊರಗೆ ಬಂದ. ಬೀಮು ಮುಗಿದಿತ್ತು. ಅವ್ವನಿಗೆ ಕೈಸನ್ನೆ ಮಾಡಿದ, ನಡಿ ಎಂದು. ಕೊಟ್ಟ ಮಾತನ್ನು ಅವನು ಮರೆತಿರಲಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಅವ್ವ ಸೆರಗು ಸರಿಮಾಡಿಕೊಂಡು ಹೊರಟಳು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

ಇಬ್ಬರೂ ಬೆಂಚಿನ ಮೇಲೆ ಕೂತರು. ಮೂರೂ ಕಮಾನುಗಳಿಂದ ಓಣಿಯ ಅಷ್ಟೂ ಮಗ್ಗಗಳು ಒಳಗೆ ಬಡಿಯುತ್ತಿದ್ದವು. ಕಲ್ಲಿನ ಕೋಣೆಯಾದ್ದರಿಂದ ಸಪ್ಪಳ ಮನೆಗಿಂತ ಇಮ್ಮಡಿಯಾಗಿತ್ತು. ಅವ್ವ ಏನೋ ಹೇಳಿದಳು. ಅಪ್ಪ, "ಆಂ?" ಎಂದ. ಅವ್ವ ಮತ್ತೆ ಹೇಳಿದಳು. ಅಪ್ಪ ಏನೋ ಕೇಳಿದ; ಅವ್ವ ಅವನ ತುಟಿಯನ್ನೇ ನೋಡಿದಳು. "ಏನಂದ್ರಿ?" ಈ ಸಲ ಆಕೆಯ ದನಿ ಏರಿತು. ಸಿಂಹಾಸನದ ಮೇಲೆ ಫೋಟೊ ತೆಗೆಸಿಕೊಳ್ಳುತ್ತಿದ್ದ ರಬಕವಿಯ ಗಂಡಸೊಬ್ಬ ತಿರುಗಿ ನೋಡಿದ. ಕಮಾನಿನ ಆಚೆ ಚಹಾ ಕುಡಿಯುತ್ತಿದ್ದವರೂ ಬಗ್ಗಿ ನೋಡಿದರು. "ಏನ್ರಿ ಅಕ್ಕಾರ, ದರ್ಬಾರದಾಗ ಫಿರ್ಯಾದಿ ತಂದೀರೇನು?" ಎಂದ ಸಿಂಹಾಸನದವನು. ಹೊರಗಿನವರು ನಕ್ಕರು.

ಅವ್ವ ಎದ್ದಳು. ಒಬ್ಬರ ಕಡೆಯೂ ನೋಡದೆ ನನ್ನ ಮುಂದೆ ಹಾದು ಹೊರಟಳು. ಮನೆಗೆ ಬಂದು ಸೀದಾ ಹಿಂದೆ ಹೋದಳು. ಕೂಲಿಯಾಳು ನಡೆಸುತ್ತಿದ್ದ ತನ್ನ ಮಗ್ಗದ ಹ್ಯಾಂಡಲ್ ಎಳೆದು ನಿಲ್ಲಿಸಿದಳು. ಆಮೇಲೆ ಅದರ ಪಕ್ಕದ್ದನ್ನು. ಆಮೇಲೆ ಗೋಡೆಯ ಮೇಲಿನ ಮೇನ್ ಸ್ವಿಚ್. ಕೂಲಿಯಾಳು ಗಾಬರಿಯಾಗಿ ನೂಲಿನ ಕಂಡಿಕೆ ಹಿಡಿದುಕೊಂಡೇ ನಿಂತ. ಹಿಂದೆಯೇ ಬಂದ ಅಪ್ಪ, "ಏನಾತ?" ಎಂದು ಓಡಿ ಒಳಗೆ ಹೋದ. ಪಕ್ಕದ ಮನೆಯ ಮಗ್ಗಗಳು ನಡೆದೇ ಇದ್ದವು. ಅವುಗಳ ಸಪ್ಪಳವನ್ನೂ ಮೀರಿ ಅವ್ವ ತನ್ನ ಜೀವಮಾನದ ದನಿಯಲ್ಲಿ ಕೂಗಿದಳು.

"ನನಗ ಕಿವಿ ಕೇಳೂದಿಲ್ಲ! ಮಗ್ಗ ಬಿಡತೇನಿ! ಕಿವಿ ಕೇಳೂದಿಲ್ರೀ ನನಗ!"

ಎದುರಿನ ಮನೆಯ ಹೆಂಗಸು ಬಾಗಿಲಿಗೆ ಬಂದಳು, ಆಕೆಯ ಸೊಸೆಯೂ ಬಂದಳು. ಅವರ ಹಿಂದೆ ಇನ್ನೂ ಯಾರೋ. ಅವ್ವ ಅವರನ್ನು ನೋಡಿದಳು, ಆದರೆ ನಿಲ್ಲಿಸಲಿಲ್ಲ. ಡಾಕ್ಟರು ಹೇಳಿದ್ದು, ಮಷೀನಿನ ವಿಷಯ, ಎಲ್ಲವನ್ನೂ ಕೂಗಿದಳು.

ಈ ಕತೆ ಕೇಳಿದ ಕಾಲೇಜಿನ ಗೆಳತಿಯರು, ಅಬ್ಬಾ ನಿಮ್ಮವ್ವ ಎಷ್ಟು ಧೈರ್ಯ ಮಾಡಿದಳು ಅನ್ನುತ್ತಾರೆ. ಆ ಹೊಗಳಿಕೆಯೂ ನನಗೆ ಚಪ್ಪಾಳೆಯ ಹಾಗೇ ಕೇಳುತ್ತದೆ. ಧೈರ್ಯ ಆಕೆಗೆ ಬೇಕಿರಲಿಲ್ಲ. ಒಂದು ಕೋಣೆ ಬೇಕಿತ್ತು, ಅದು ಇತ್ತು, ಅದನ್ನು ಒಡೆದರು. ಯಾರಿಗೂ ಕೇಳಿಸಬಾರದೆಂದು ತಿಂಗಳುಗಟ್ಟಲೆ ಕಾದ ಮಾತನ್ನು ಇಡೀ ಓಣಿಯ ಮುಂದೆ ಆಡಿಸಿದರು. ಅದನ್ನು ಆಕೆ ಚೆನ್ನಾಗಿ ಆಡಿದಳೆಂದ ಮಾತ್ರಕ್ಕೆ ಒಡೆದದ್ದು ಸರಿಯಾಗುವುದಿಲ್ಲ.

ನಿಂತುಹೋದ ಮಗ್ಗದ ಮೇಲೆ ಅಪ್ಪ ಒಮ್ಮೆ ಕೈ ಆಡಿಸಿದ. ಆಮೇಲೆ ಅವ್ವನ ಹತ್ತಿರ ಬಂದು, ಬಾಗಿಲಲ್ಲಿ ನಿಂತವರಿಗೆ ಬೆನ್ನು ಮಾಡಿ, ಕಿವಿಯ ಬಳಿ ಬಗ್ಗಿ ಮೆಲ್ಲಗೆ ಏನೋ ಅಂದ.

"ಕೇಳಲಿಲ್ರಿ," ಎಂದಳು ಅವ್ವ.

ಅವನು ತಿರುಗಿ ಬಾಗಿಲ ಕಡೆ ನೋಡಿದ. ಯಾರೂ ಕದಲಲಿಲ್ಲ. ನಾಚಿಕೆಯಿಂದ ಅವನ ಕುತ್ತಿಗೆಯೆಲ್ಲ ಕೆಂಪಾಗಿತ್ತು. ಆಮೇಲೆ ಅವ್ವನ ಮುಖಕ್ಕೆ ಮುಖ ಕೊಟ್ಟು, ಓಣಿಗೆಲ್ಲ ಕೇಳುವ ಹಾಗೆ ಕೂಗಿದ:

"ನಾಳಿಂದ ಮಗ್ಗಕ್ಕ ನಿಲ್ಲಬ್ಯಾಡ!"